ಕೊಳಗ ಹಿಗ್ಗಿದರೆ ರಾಶಿ ಹೆಚ್ಚದು: ಟರ್ಬೊ ಕಾರಿನ ಗಾಳಿ ಅಳತೆಯ ಬಗ್ಗೆ ಬೇರೂರಿರುವ ತಪ್ಪು

ಟರ್ಬೊ ಜೋಡಿಸಿದ ಕಾರಿನ ಎಂಜಿನ್ನಿಗೆ ಗಾಳಿ ಅಳೆಯುವ ಸೆನ್ಸರ್ ಆರಿಸುವ ವಿಷಯದಲ್ಲಿ, ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಗ್ಯಾರೇಜುಗಳಲ್ಲಿ ಮಾತ್ರವಲ್ಲದೆ ಅವುಗಳಿಗೆ ಸಾಮಾನು ಒದಗಿಸುವ ದೊಡ್ಡ ಊರುಗಳ ಬಿಡಿಭಾಗದ ಅಂಗಡಿಗಳಲ್ಲಿಯೂ ಒಂದು ಅಭಿಪ್ರಾಯ ಗಟ್ಟಿಯಾಗಿ ನೆಲೆಯೂರಿದೆ. ಸೆನ್ಸರಿನ ಕೊಳವೆ ಅಗಲವಾದಷ್ಟೂ ಎಂಜಿನ್ನಿಗೆ ಹವಾ ಹೆಚ್ಚು ಸಿಗುತ್ತದೆ, ಹವಾ ಹೆಚ್ಚಾದಷ್ಟೂ ಪಿಕಪ್ ಏರುತ್ತದೆ ಎಂಬುದು ಆ ಅಭಿಪ್ರಾಯದ ಒಂದು ಮುಖ. ಸೆನ್ಸರ್ ಎಂಬುದೇ ಗಾಳಿಯ ದಾರಿಗೆ ಅಡ್ಡ, ಅದರ ಪ್ಲಗ್ ಕಿತ್ತುಬಿಟ್ಟರೆ ಗಾಡಿ ಸಲೀಸಾಗಿ ಎಳೆಯುತ್ತದೆ ಎಂಬುದು ಇನ್ನೊಂದು ಮುಖ. ಪ್ಲಗ್ ಕೂರುವುದಾದರೆ ಯಾವ ಸೆನ್ಸರಾದರೂ ನಡೆಯುತ್ತದೆ ಎಂಬುದು ಇವೆರಡರ ಬೆನ್ನಿಗೇ ಬರುವ ಮೂರನೆಯ ಮಾತು. ಮೂರೂ ತಪ್ಪು, ಮೂರನ್ನೂ ನಂಬಿ ಹಣ ಕಳೆದುಕೊಳ್ಳುವವರು ಬಾಡಿಗೆ ಗಾಡಿಯ ದುಡಿಮೆಯಲ್ಲಿ ಸಾಲದ ಕಂತು ಕಟ್ಟುವ ಜನ ಎಂಬ ಕಾರಣಕ್ಕೆ ಈ ತಪ್ಪನ್ನು ಬುಡದಿಂದ ಪರಿಶೀಲಿಸುವುದು ಅಗತ್ಯವಾಗಿದೆ.

ಬುಡದಲ್ಲಿರುವುದು ಒಂದೇ ಗೊಂದಲ: ಅಳತೆಯ ಸಾಧನವನ್ನು ಬಾಗಿಲೆಂದು ತಿಳಿದಿರುವುದು. ಕಣದಲ್ಲಿ ರಾಗಿ ರಾಶಿ ಮಾಡಿ, ಪೂಜೆ ಮುಗಿಸಿ, ಕೊಳಗದಿಂದ ಅಳೆದು ಮನೆಗೆ ತುಂಬಿಕೊಳ್ಳುತ್ತಿದ್ದ ಸೀಮೆಯಲ್ಲಿ ಇದನ್ನು ವಿವರಿಸುವುದು ಕಷ್ಟವಾಗಬಾರದು. ಹತ್ತು ಕೊಳಗದ ರಾಶಿಯನ್ನು ಮೂರರಲ್ಲೊಂದು ಪಾಲು ಹಿಗ್ಗಿಸಿದ ಕೊಳಗದಲ್ಲಿ ಅಳೆದರೆ ಎಣಿಕೆ ಏಳೂವರೆಗೆ ಇಳಿಯುತ್ತದೆ. ರಾಶಿ ಒಂದು ಕಾಳಿನಷ್ಟೂ ಬೆಳೆಯುವುದಿಲ್ಲ. ಆದರೆ ಆ ಎಣಿಕೆಯನ್ನೇ ನಂಬಿ ಲೆಕ್ಕ ಬರೆಯುವವನ ಪುಸ್ತಕವೆಲ್ಲ ಕೆಡುತ್ತದೆ. ಎಂಜಿನ್ನಿನಲ್ಲಿ ಹಾಗೆ ಲೆಕ್ಕ ಬರೆಯುವುದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಸಣ್ಣ ಕಂಪ್ಯೂಟರ್. ಅದು ಕೊಳಗವನ್ನು ಕಣ್ಣಿಂದ ನೋಡುವುದಿಲ್ಲ, ಎಣಿಕೆಯನ್ನು ಮಾತ್ರ ಕೇಳಿಸಿಕೊಳ್ಳುತ್ತದೆ.

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿಯುವಾಗ ಹೊರಗಿನ ಗಾಳಿ ತಾನಾಗಿ ಒಳಸರಿಯುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ, ಒತ್ತುವಾಗ ಕಾದ ಗಾಳಿಯನ್ನು ಇಂಟರ್‌ಕೂಲರ್ ಎಂಬ ಜಾಲರಿ ತಣಿಸುತ್ತದೆ. ಹೀಗೆ ಹಿಗ್ಗುತ್ತ ಕುಗ್ಗುತ್ತ ಬಿಸಿಯಾಗುತ್ತ ತಣಿಯುತ್ತ ಸಾಗುವ ಗಾಳಿಯನ್ನು ಲೀಟರಿನಲ್ಲಿ ಎಣಿಸುವುದರಲ್ಲಿ ಹುರುಳಿಲ್ಲ, ಏಕೆಂದರೆ ಇಂಧನ ಉರಿಯಲು ಬೇಕಾದುದು ಗಾಳಿಯ ಗಾತ್ರವಲ್ಲ, ಅದರ ತೂಕ. ಆ ತೂಕವನ್ನು ಅಳೆಯುವ ಸಾಧನವೇ ಗ್ಯಾರೇಜಿನವರು ಏರ್ ಫ್ಲೋ ಸೆನ್ಸರ್ ಎಂದೋ ಮ್ಯಾಫ್ ಎಂದೋ ಕರೆಯುವ ಈ ಪುಟ್ಟ ಭಾಗ. ತಟ್ಟೆಯ ಬಿಸಿ ಮುದ್ದೆಗೆ ಮೆಲ್ಲಗೆ ಊದಿದರೆ ನಿಧಾನವಾಗಿ ಆರುತ್ತದೆ, ಜೋರಾಗಿ ಊದಿದರೆ ಬೇಗ ಆರುತ್ತದೆ. ಸೆನ್ಸರಿನೊಳಗಿನ ತೆಳು ಹಾಳೆಯನ್ನು ವಿದ್ಯುತ್ತಿನಿಂದ ಸುತ್ತಲಿನ ಗಾಳಿಗಿಂತ ಹೆಚ್ಚು ಬಿಸಿಯಾಗಿ ಇಟ್ಟಿರಲಾಗುತ್ತದೆ, ಹರಿಯುವ ಗಾಳಿ ಅದರಿಂದ ಎಷ್ಟು ಶಾಖ ಕಸಿಯಿತು ಎಂಬುದರಿಂದ ಎಷ್ಟು ಗಾಳಿ ಹಾದುಹೋಯಿತು ಎಂದು ತಿಳಿಯುತ್ತದೆ.

ಈ ತತ್ತ್ವ ಹೊಸದಲ್ಲ. ಬಿಸಿ ತಂತಿಯಿಂದ ಗಾಳಿ ಕಸಿಯುವ ಶಾಖ ಗಾಳಿಯ ವೇಗದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬುದನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಎಲ್.ವಿ. ಕಿಂಗ್ 1914ರಲ್ಲಿಯೇ ತೋರಿಸಿದ್ದರು. ಜರ್ಮನಿಯ ಬಾಷ್ ಕಂಪನಿ 1980ರ ದಶಕದ ಆರಂಭದಲ್ಲಿ ಎಲ್‌ಎಚ್-ಜೆಟ್ರಾನಿಕ್ ಎಂಬ ಹೆಸರಿನಲ್ಲಿ ಅದನ್ನು ಕಾರಿಗೆ ತಂದಿತು. ಕೂದಲೆಳೆಯಷ್ಟು, ಅಂದರೆ ಸುಮಾರು 70 ಮೈಕ್ರೊಮೀಟರ್ ದಪ್ಪದ ಆ ಪ್ಲಾಟಿನಂ ತಂತಿ ಎಂಜಿನ್ ನಿಂತ ಮೇಲೆ ಒಂದು ಗಳಿಗೆ ಸಾವಿರ ಡಿಗ್ರಿಯವರೆಗೆ ಕೆಂಡವಾಗಿ ತನ್ನ ಮೇಲಿನ ಕೊಳೆಯನ್ನು ತಾನೇ ಸುಟ್ಟುಕೊಳ್ಳುತ್ತಿತ್ತು. ಇಂದಿನ ಬಿಸಿ ಹಾಳೆಯ ಸೆನ್ಸರುಗಳಿಗೆ ಸಾಮಾನ್ಯವಾಗಿ ಈ ಸ್ವಯಂಶುದ್ಧಿ ಇಲ್ಲ; ಕೊಳೆ ಹಾಳೆಗೆ ತಾಗದಂತೆ ಗಾಳಿಯನ್ನು ಬಳಸುದಾರಿಯಲ್ಲಿ ಒಯ್ಯುವ ಉಪಾಯವಷ್ಟೇ ಇದೆ. ದೂಳಿನ ಸೀಮೆಯವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ವರ್ಗಮೂಲದ ಆ ನಿಯಮದಿಂದ ಹುಟ್ಟುವ ಒಂದು ಪರಿಣಾಮವೇ ಇಡೀ ವಾದದ ಕೀಲು. ಗಾಳಿ ಎರಡು ಪಟ್ಟಾದಾಗ ಸೆನ್ಸರಿನ ವೋಲ್ಟೇಜ್ ಎರಡು ಪಟ್ಟಾಗುವುದಿಲ್ಲ. ಗಾಳಿ ಕಡಿಮೆ ಇರುವಾಗ ವೋಲ್ಟೇಜ್ ಕಡಿದಾಗಿ ಏರುತ್ತದೆ, ಹೆಚ್ಚಿರುವಾಗ ನಿಧಾನವಾಗಿ ಏರುತ್ತದೆ. ಆದ್ದರಿಂದ ಇಂತಿಷ್ಟು ವೋಲ್ಟ್ ಎಂದರೆ ಇಂತಿಷ್ಟು ಗಾಳಿ ಎಂದು ತಿಳಿಸುವ ಒಂದು ಕೋಷ್ಟಕ ಇಸಿಯುವಿನ ಒಳಗೆ ಬರೆದಿರಲೇಬೇಕು, ಮತ್ತು ಆ ಕೋಷ್ಟಕ ಒಂದು ನಿರ್ದಿಷ್ಟ ಹಾಳೆ, ಒಂದು ನಿರ್ದಿಷ್ಟ ಒಳವ್ಯಾಸದ ಕೊಳವೆ, ಅದರ ಮುಂದಿನ ಒಂದು ನಿರ್ದಿಷ್ಟ ಫಿಲ್ಟರ್ ಡಬ್ಬಿ, ಇವಿಷ್ಟೂ ಕೂಡಿದ ಜೋಡಣೆಗೆ ಮಾತ್ರ ಸಲ್ಲುತ್ತದೆ. ಕೈಗೆ ಸಿಗುವ ಪ್ಲಾಸ್ಟಿಕ್ ಭಾಗ ಸೆನ್ಸರಿನ ಅರ್ಧ ಮಾತ್ರ, ಉಳಿದರ್ಧ ಆ ಕೋಷ್ಟಕ. ದೊಡ್ಡ ಸೆನ್ಸರ್ ಹಾಕಿಸುವವರು ಮೊದಲರ್ಧವನ್ನು ಬದಲಿಸಿ ಎರಡನೆಯದನ್ನು ಹಾಗೆಯೇ ಬಿಡುತ್ತಾರೆ.

ಅಂಕಿಗಳಲ್ಲಿ ನೋಡಿದರೆ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. 60 ಮಿಲಿಮೀಟರ್ ಒಳವ್ಯಾಸದ ಕೊಳವೆಯ ಜಾಗದಲ್ಲಿ 70 ಮಿಲಿಮೀಟರಿನದನ್ನು ಕೂರಿಸಿದರೆ ಒಳಬಾಯಿಯ ವಿಸ್ತೀರ್ಣ ಶೇ. 36ರಷ್ಟು ಹೆಚ್ಚುತ್ತದೆ, ಎಂಜಿನ್ ಹೀರುವ ಗಾಳಿ ಮೊದಲಿನಷ್ಟೇ ಆದ್ದರಿಂದ ಅಗಲ ದಾರಿಯಲ್ಲಿ ಅದು ನಿಧಾನವಾಗಿ ಸಾಗುತ್ತದೆ, ಹಾಳೆಗೆ ತಗಲುವ ಬೀಸು ತಗ್ಗುತ್ತದೆ, ಹಳೆಯ ಕೋಷ್ಟಕವನ್ನೇ ಓದುವ ಇಸಿಯುವಿಗೆ ಗಾಳಿ ಶೇ. 26ರಷ್ಟು ಕಡಿಮೆ ಬಂದಂತೆ ಕಾಣುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಪ್ಪು ಹೊಗೆ ಬಾರದಂತೆ ಗಾಳಿಯ ಅಳತೆಗೆ ತಕ್ಕಂತೆ ಡೀಸೆಲಿಗೆ ಒಂದು ಮೇಲ್ಮಿತಿ ಇರುತ್ತದೆ. ಗಾಳಿ ಕಡಿಮೆ ಎಂದು ಕಂಡೊಡನೆ ಇಸಿಯು ಆ ಮಿತಿಯನ್ನು ಇಳಿಸುತ್ತದೆ, ಗಾಡಿ ಎಳೆಯುವುದನ್ನು ಬಿಡುತ್ತದೆ. ಪಿಕಪ್ ಹೆಚ್ಚಲೆಂದು ಹಾಕಿಸಿದ ದೊಡ್ಡ ಸೆನ್ಸರ್ ಪಿಕಪ್ಪನ್ನೇ ಕಳೆಯುತ್ತದೆ ಎಂಬ ಈ ಒಂದು ಸಂಗತಿ ಸಾಕು, ಬಾಗಿಲಿನ ವಾದ ಬಿದ್ದುಹೋಗಲು.

ಪೆಟ್ರೋಲ್ ಟರ್ಬೊ ಎಂಜಿನ್ನಿನಲ್ಲಿ ಇದೇ ತಪ್ಪು ನಷ್ಟದಲ್ಲಿ ನಿಲ್ಲುವುದಿಲ್ಲ, ಎಂಜಿನ್ನನ್ನೇ ತಿನ್ನುತ್ತದೆ. ಗಾಳಿ ಕಡಿಮೆ ಎಂದು ನಂಬಿದ ಇಸಿಯು ಪೆಟ್ರೋಲನ್ನೂ ಕಡಿಮೆ ಚಿಮ್ಮಿಸುತ್ತದೆ. ಸಾಧಾರಣ ಓಟದಲ್ಲಿ ಸೈಲೆನ್ಸರಿನ ದಾರಿಯ ಆಕ್ಸಿಜನ್ ಸೆನ್ಸರ್ ಕೊರತೆಯನ್ನು ಕಂಡು ತಿದ್ದಲು ಹೆಣಗುತ್ತದೆ, ಆದರೆ ಆ ತಿದ್ದುಪಡಿಗೂ ಒಂದು ಮಿತಿ ಇದೆ. ಕಾಲು ಪಾಲಿಗೂ ಮಿಕ್ಕ ಕೊರತೆಯನ್ನು ಅದು ತುಂಬಲಾರದೆ ಚೆಕ್ ಎಂಜಿನ್ ದೀಪ ಹೊತ್ತಿ, ಸ್ಕ್ಯಾನರಿನಲ್ಲಿ ಇಂಧನ ಮಿಶ್ರಣ ತೆಳುವಾಗಿದೆ ಎಂದು ಹೇಳುವ ಪಿ0171 ಸಂಕೇತ ಮೂಡುತ್ತದೆ. ಟರ್ಬೊ ಪೂರ್ತಿ ಒತ್ತಡದಲ್ಲಿರುವಾಗ, ಅಂದರೆ ಏರಿನಲ್ಲಿ ಆಕ್ಸಿಲರೇಟರ್ ತಳಮುಟ್ಟ ತುಳಿದಾಗ, ತೆಳು ಮಿಶ್ರಣ ತಾನಾಗಿ ಸಿಡಿದು ನಾಕಿಂಗ್ ಶುರುವಾಗುತ್ತದೆ. ಅದು ಮುಂದುವರಿದರೆ ಪಿಸ್ಟನ್ನಿನ ನೆತ್ತಿ ಕರಗುತ್ತದೆ.

ಹಾಗಾದರೆ ಪ್ಲಗ್ ಕಿತ್ತಾಗ ಗಾಡಿ ಎಳೆಯುವುದು ಸುಳ್ಳೇ ಎಂಬ ಪ್ರಶ್ನೆ ನ್ಯಾಯವಾದುದು, ಏಕೆಂದರೆ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಅದು ನಿಜವಾಗಿಯೂ ಎಳೆಯುತ್ತದೆ, ಮತ್ತು ಮೆಕ್ಯಾನಿಕ್ಕುಗಳ ನಂಬಿಕೆ ಹುಟ್ಟಿದ್ದು ಈ ಅನುಭವದಿಂದಲೇ. ಅನುಭವ ನಿಜ, ಅದರಿಂದ ಎಳೆದ ತೀರ್ಮಾನ ಸುಳ್ಳು. ಹಾಳೆಯ ಮೇಲೆ ಎಣ್ಣೆ ಪಸೆಯ ದೂಳು ಕುಳಿತಾಗ ಗಾಳಿಗೂ ಹಾಳೆಗೂ ನಡುವೆ ಹೊದಿಕೆ ಬಿದ್ದಂತಾಗಿ, ಹೆಚ್ಚಿನ ಹರಿವಿನಲ್ಲಿ ಸೆನ್ಸರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಇಸಿಯು ಡೀಸೆಲ್ ಮಿತಿಯನ್ನು ಇಳಿಸುತ್ತದೆ, ಗಾಡಿ ಸೋಲುತ್ತದೆ. ಪ್ಲಗ್ ಕಿತ್ತ ಕೂಡಲೇ ಇಸಿಯು ಸೆನ್ಸರನ್ನು ಕೈಬಿಟ್ಟು ತನ್ನಲ್ಲಿ ಬರೆದಿಟ್ಟ ಬದಲಿ ಅಂಕಿಯನ್ನು ಹಿಡಿಯುತ್ತದೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಕವಾಟವನ್ನು ಮುಚ್ಚುತ್ತದೆ. ಬದಲಿ ಅಂಕಿ ಕೊಳೆಯಾದ ಸೆನ್ಸರಿನ ಅಂಕಿಗಿಂತ ಮೇಲಿದ್ದರೆ ಗಾಡಿಗೆ ಉಸಿರು ಮರಳಿದಂತೆ ತೋರುತ್ತದೆ. ಇದರಿಂದ ಸಿದ್ಧವಾಗುವುದು ಆ ಒಂದು ಸೆನ್ಸರ್ ಸುಳ್ಳು ಹೇಳುತ್ತಿತ್ತು ಎಂಬುದು ಮಾತ್ರ. ತಪ್ಪು ತೂಕ ತೋರಿಸುವ ತಕ್ಕಡಿಯನ್ನು ತೆಗೆದಿಟ್ಟು ಕಣ್ಣಳತೆಯಲ್ಲಿ ವ್ಯಾಪಾರ ಮಾಡಿದ ದಿನ ಲಾಭ ಬಂದರೆ ತಕ್ಕಡಿ ಎಂಬ ವಸ್ತುವೇ ಬೇಡವೆಂದು ಯಾರೂ ಸಾರುವುದಿಲ್ಲ. ಪ್ಲಗ್ ಕಿತ್ತೊಡನೆ ಗಾಡಿ ಚುರುಕಾದರೆ ಅದನ್ನು ಒಂದು ಪರೀಕ್ಷೆಯ ಫಲಿತಾಂಶವೆಂದು ಎಣಿಸಿ ಸೆನ್ಸರನ್ನು ಶುಚಿಮಾಡಬೇಕು ಅಥವಾ ಸರಿಯಾದ ಸಂಖ್ಯೆಯದನ್ನು ಹಾಕಬೇಕು. ಪರೀಕ್ಷೆಯನ್ನೇ ಚಿಕಿತ್ಸೆಯಾಗಿ ಉಳಿಸಿಕೊಂಡ ಗಾಡಿ ಬಿಸಿಲಾಗಲಿ ಚಳಿಯಾಗಲಿ, ಫಿಲ್ಟರ್ ಕಟ್ಟಿರಲಿ ತೆರೆದಿರಲಿ, ಒಂದೇ ಊಹೆಯ ಮೇಲೆ ಓಡುತ್ತಿರುತ್ತದೆ.

ಎದುರು ಪಕ್ಷದ ಅತ್ಯಂತ ಬಲವಾದ ಮಾತು ಇದಲ್ಲ, ಇನ್ನೊಂದು. ಫೋಕ್ಸ್‌ವ್ಯಾಗನ್ ಸಮೂಹದ 1.0 ಟಿಎಸ್‌ಐ ಎಂಜಿನ್ನಿನಂತೆ ಇಂದಿನ ಹಲವು ಸಣ್ಣ ಪೆಟ್ರೋಲ್ ಟರ್ಬೊ ಎಂಜಿನ್ನುಗಳಲ್ಲಿ ಈ ಸೆನ್ಸರ್ ಇರುವುದೇ ಇಲ್ಲ. ಒಳಗಾಳಿಯ ಒತ್ತಡ, ಉಷ್ಣತೆ, ಎಂಜಿನ್ನಿನ ವೇಗ ಇವುಗಳಿಂದ ಗಾಳಿಯ ತೂಕವನ್ನು ಲೆಕ್ಕ ಹಾಕಲಾಗುತ್ತದೆ. ಅವು ಚೆನ್ನಾಗಿಯೇ ಓಡುತ್ತವೆ. ಇದು ಸತ್ಯ. ಆದರೆ ಆ ಲೆಕ್ಕದ ಹಿಂದೆ ತಯಾರಕರು ಪರೀಕ್ಷಾಗಾರದಲ್ಲಿ ಒಂದೊಂದು ವೇಗಕ್ಕೂ ಒಂದೊಂದು ಒತ್ತಡಕ್ಕೂ ಅಳೆದು ಬರೆದ ನಕ್ಷೆಗಳಿವೆ, ಮತ್ತು ಅಳತೆಯ ಸೆನ್ಸರಿಗಾಗಿಯೇ ರೂಪಿಸಿದ ಎಂಜಿನ್ನಿನ ಇಸಿಯುವಿನಲ್ಲಿ ಆ ವಿವರದ ನಕ್ಷೆಗಳಿಲ್ಲ. ಡೀಸೆಲಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ: ಇಜಿಆರ್ ತೆರೆದಾಗ ಸಿಲಿಂಡರಿಗೆ ಹೋಗುವುದು ಹೊಸ ಗಾಳಿ ಮತ್ತು ಹಳೆಯ ಹೊಗೆಯ ಬೆರಕೆ; ಒತ್ತಡದ ಸೆನ್ಸರ್ ಬೆರಕೆಯ ಒಟ್ಟು ಒತ್ತಡವನ್ನು ಹೇಳೀತೇ ಹೊರತು ಅದರಲ್ಲಿ ಹೊಸ ಗಾಳಿ ಎಷ್ಟೆಂದು ಹೇಳಲಾರದು. ಒಂದು ಕಾರು ಸೆನ್ಸರಿಲ್ಲದೆ ಹುಟ್ಟಿದೆ ಎಂಬುದು ಇನ್ನೊಂದರಿಂದ ಸೆನ್ಸರ್ ಕೀಳಲು ಕಾರಣವಾಗುವುದಿಲ್ಲ.

ಆರಂಭದಲ್ಲಿ ಹೇಳಿದ ನಾಲ್ಕು ತಾಲ್ಲೂಕುಗಳ ನೆಲ, ಎತ್ತರ, ಹವೆ ಮೂರೂ ಈ ಚರ್ಚೆಯಲ್ಲಿ ಸಾಕ್ಷಿ ನುಡಿಯುತ್ತವೆ. ಇಲ್ಲಿನ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 650ರಿಂದ 800 ಮೀಟರ್ ಎತ್ತರದಲ್ಲಿವೆ. ಹೊರಗಾಳಿಯ ಒತ್ತಡ ಕಡಲತೀರದಲ್ಲಿ 101 ಕಿಲೋಪ್ಯಾಸ್ಕಲ್ ಇದ್ದರೆ ಇಲ್ಲಿ 92ರಿಂದ 94ರ ಆಸುಪಾಸಿನಲ್ಲಿರುತ್ತದೆ. ಮಳೆ ಕಡಿಮೆ, ಬಿಸಿಲು ಧಾರಾಳ. ಬೇಸಿಗೆಯ ನಡುಹಗಲಿನಲ್ಲಿ 38 ಡಿಗ್ರಿ ಉಷ್ಣತೆಯಿದ್ದಾಗ ಇಲ್ಲಿನ ಒಂದು ಘನಮೀಟರ್ ಗಾಳಿಯ ತೂಕ 1.05 ಕಿಲೋಗ್ರಾಮಿನಷ್ಟು, ಪುಸ್ತಕಗಳು ಆಧಾರವಾಗಿ ಹಿಡಿಯುವ ಸಮುದ್ರಮಟ್ಟದ, 15 ಡಿಗ್ರಿಯ ಗಾಳಿಯ ತೂಕ 1.225 ಕಿಲೋಗ್ರಾಂ. ಶೇ. 15ರ ಸಮೀಪದ ಈ ಅಂತರವನ್ನು ಊಹೆ ಹಿಡಿಯಲಾರದು, ಅಳತೆ ಹಿಡಿಯುತ್ತದೆ. ಗಾಳಿ ಹಗುರವಾದ ಸೀಮೆಯಲ್ಲಿ ಅದೇ ಒತ್ತಡ ಕೊಡಲು ಟರ್ಬೊ ಹೆಚ್ಚು ತಿರುಗಬೇಕಾಗುವುದರಿಂದ, ಇಲ್ಲಿ ಅಳತೆಗೆ ಕಡಲತೀರದಲ್ಲಿರುವುದಕ್ಕಿಂತ ಬೆಲೆ ಹೆಚ್ಚು.

ಇದೇ ಅಂತರ ಇನ್ನೊಂದು ಅನ್ಯಾಯಕ್ಕೂ ದಾರಿಯಾಗುತ್ತದೆ. 2007ರಿಂದ 2020ರವರೆಗೆ ಮಾರುತಿಯ ಸ್ವಿಫ್ಟ್ ಮೊದಲಾದ ಕಾರುಗಳಲ್ಲಿ ಬಂದ, ಫಿಯೆಟ್ ರೂಪಿಸಿದ 1248 ಸಿಸಿಯ ಡೀಸೆಲ್ ಎಂಜಿನ್ನನ್ನು ಉದಾಹರಣೆಯಾಗಿ ಹಿಡಿಯಬಹುದು, ಏಕೆಂದರೆ ಮಧುಗಿರಿ ಸಾರಿಗೆ ಕಚೇರಿಯ ಕೆಎ-64 ಸಂಖ್ಯೆ ಹೊತ್ತ ಗಾಡಿಗಳಲ್ಲಿಯೂ ಅದು ಅಪರೂಪವಲ್ಲ. ಅದರ ಒಂದೊಂದು ಸಿಲಿಂಡರಿನ ಗಾತ್ರ 312 ಸಿಸಿ. ಐಡ್ಲಿಂಗ್‌ನಲ್ಲಿ ಇಜಿಆರ್ ಮುಚ್ಚಿದ್ದು ಸಿಲಿಂಡರು ತನ್ನ ಗಾತ್ರದ ಶೇ. 80ರಷ್ಟು ತುಂಬುತ್ತದೆ ಎಂದಿಟ್ಟುಕೊಂಡರೆ, ಸಮುದ್ರಮಟ್ಟದ ಸಾಧಾರಣ ಹವೆಯಲ್ಲಿ ಒಂದು ಹೊಡೆತಕ್ಕೆ ಸುಮಾರು 295 ಮಿಲಿಗ್ರಾಂ ಗಾಳಿ ಒಳಹೋಗಬೇಕು. ಮಧುಗಿರಿಯಲ್ಲಿ 30 ಡಿಗ್ರಿಯ ಹಗಲಿನಲ್ಲಿ ಅದೇ ಆರೋಗ್ಯವಂತ ಎಂಜಿನ್ 265ರ ಸುಮಾರಿಗೆ ನಿಲ್ಲುತ್ತದೆ. ಸ್ಕ್ಯಾನರ್ ಹಾಕಿ, ಕಡಲತೀರದ ಅಂಕಿಗೆ ಹೋಲಿಸಿ, ಮೂವತ್ತು ಕಡಿಮೆ ಇದೆ, ಸೆನ್ಸರ್ ಹೋಗಿದೆ ಎಂದು ತೀರ್ಪು ಕೊಟ್ಟರೆ ಸತ್ಯ ಹೇಳಿದ್ದಕ್ಕಾಗಿ ಒಂದು ಒಳ್ಳೆಯ ಸೆನ್ಸರ್ ಕಸದ ಬುಟ್ಟಿ ಸೇರುತ್ತದೆ.

ದೂಳಿನ ವಿಚಾರ ಇದಕ್ಕಿಂತ ದೊಡ್ಡದು. ಸುಗ್ಗಿಯಲ್ಲಿ ರಾಗಿ ತೆನೆಯನ್ನೂ ಹುರುಳಿ ಗಿಡವನ್ನೂ ಡಾಂಬರು ರಸ್ತೆಯ ಮೇಲೆ ಹರವಿ, ಓಡಾಡುವ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವ ರೂಢಿ ಇಲ್ಲಿದೆ. ಮುಂದಿನ ಗಾಡಿ ಎಬ್ಬಿಸಿದ ಹೊಟ್ಟು, ಸುಂಕು, ಮಣ್ಣು ಹಿಂದಿನ ಗಾಡಿಯ ಏರ್ ಫಿಲ್ಟರ್ ಡಬ್ಬಿಗೆ ನೇರವಾಗಿ ನುಗ್ಗುತ್ತದೆ. ಆ ಡಬ್ಬಿಯ ಕ್ಲಿಪ್ ಬಿಚ್ಚಿ ನೋಡಿದರೆ ಮಡಿಕೆಗಳ ಸಂದಿನಲ್ಲಿ ಹೊಟ್ಟು ಗೂಡುಕಟ್ಟಿರುತ್ತದೆ, ಅಂಚಿನ ರಬ್ಬರಿನ ಒಂದು ಮೂಲೆ ಮಡಿಚಿಕೊಂಡಿದ್ದರೆ ಅದರ ನೇರಕ್ಕೆ ಒಳಗೋಡೆಯ ಮೇಲೆ ಕೆಮ್ಮಣ್ಣಿನ ಒಂದು ಗೆರೆ ಸೆನ್ಸರಿನ ಬಾಯಿಯವರೆಗೂ ಎಳೆದಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹವಾ ಹೊಡೆಸಿ ಅದೇ ಫಿಲ್ಟರನ್ನು ಮತ್ತೆ ಮತ್ತೆ ಬಳಸುವ ಅಭ್ಯಾಸ ಈ ಗೆರೆಗೆ ಮುಖ್ಯ ಕಾರಣಗಳಲ್ಲೊಂದು, ಏಕೆಂದರೆ ಹತ್ತಿರದಿಂದ ಬಿಟ್ಟ ಬಲವಾದ ಹವಾ ಕಾಗದದ ನಾರುಗಳನ್ನು ಹರಿದು ಸಣ್ಣ ದೂಳಿಗೆ ದಾರಿ ಮಾಡುತ್ತದೆ. ತೊಳೆದು ಬಳಸಬಹುದೆಂದು ಮಾರುವ, ಎಣ್ಣೆ ಸವರಿದ ಬಟ್ಟೆಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಆ ಎಣ್ಣೆಯ ಹನಿಯೂ ಹಾಳೆಯ ಮೇಲೆ ಕೂರುತ್ತದೆ. ಇಂಥ ಕಡೆ ಹೊಸ ಸೆನ್ಸರ್, ಅದೂ ದೊಡ್ಡದು, ಹಾಕಿಸಿದರೆ ಆಗುವುದು ಇಷ್ಟೇ: ಸ್ವಲ್ಪ ಕಾಲದಲ್ಲಿ ಅದೂ ಹಳೆಯದರಂತೆ ಕುರುಡಾಗುತ್ತದೆ. ಶುಚಿಮಾಡಲು ಈ ಸೆನ್ಸರಿಗೆಂದೇ ಬರುವ ಸ್ಪ್ರೇ ಇದೆ. ಬೆರಳಿನಿಂದ, ಬಟ್ಟೆಯಿಂದ, ಕಾರ್ಬ್ಯುರೇಟರ್ ಸ್ಪ್ರೇಯಿಂದ ಮುಟ್ಟಿದ ಹಾಳೆ ಮತ್ತೆ ನಂಬಿಕೆಗೆ ಅರ್ಹವಾಗಿ ಉಳಿಯುವುದು ಕಡಿಮೆ.

ಸೆನ್ಸರಿಗೂ ಟರ್ಬೊಗೂ ನಡುವೆ ಇರುವ ರಬ್ಬರ್ ಪೈಪಿನ ಬಿರುಕನ್ನು ಯಾರೂ ಗಮನಿಸದಿರುವುದು ಇನ್ನೂ ವಿಷಾದದ ಸಂಗತಿ. ಆ ಬಿರುಕಿನಿಂದ ಒಳಬರುವ ಗಾಳಿ ಅಳತೆಗೆ ಸಿಕ್ಕಿರುವುದಿಲ್ಲ, ಫಿಲ್ಟರಿಗೂ ಸಿಕ್ಕಿರುವುದಿಲ್ಲ. ಒಂದು ಕಡೆ ಸೆನ್ಸರ್ ಕಡಿಮೆ ತೋರಿಸುತ್ತದೆ, ಇನ್ನೊಂದು ಕಡೆ ಸೋಸದ ಮರಳು ದೂಳು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊ ಚಕ್ರದ ಅಂಚನ್ನು ಸವೆಸುತ್ತಿರುತ್ತದೆ. ಟರ್ಬೊ ದಾಟಿದ ಮೇಲಿನ ಹೋಸ್ ಸಡಿಲವಾದರೆ ತದ್ವಿರುದ್ಧ: ಅಳೆದ ಗಾಳಿ ಹೊರಗೆ ಸೋರುತ್ತದೆ, ಡೀಸೆಲ್ ಗಾಡಿ ಕಪ್ಪು ಹೊಗೆ ಉಗುಳುತ್ತದೆ, ಕ್ಲಾಂಪಿನ ಸುತ್ತ ಎಣ್ಣೆ ಕಲೆ ಕಾಣುತ್ತದೆ. ದೋಷ ಟರ್ಬೊಗೆ ಮುಂಚೆಯೋ ಆಮೇಲೆಯೋ ಎಂದು ತಿಳಿಯಲು ಸ್ಕ್ಯಾನರಿನ ಎರಡು ಅಂಕಿಗಳನ್ನು ಒಟ್ಟಿಗೆ ಓದಿದರೆ ಬಹುಮಟ್ಟಿಗೆ ಸಾಕು. ಟರ್ಬೊ ಒತ್ತಡ ಬೇಕಾದಷ್ಟು ಬಂದಿದ್ದು ಗಾಳಿಯ ಅಳತೆ ಕಡಿಮೆಯಿದ್ದರೆ ಅನುಮಾನ ಸೆನ್ಸರಿನ ಮೇಲೆ ಅಥವಾ ಅದರಿಂದ ಟರ್ಬೊಗೆ ಹೋಗುವ ಪೈಪಿನ ಬಿರುಕಿನ ಮೇಲೆ. ಅಳತೆ ಸಾಕಷ್ಟಿದ್ದು ಒತ್ತಡ ಏರದಿದ್ದರೆ, ಜೊತೆಗೆ ಪಿ0299 ಸಂಕೇತ ಬಂದಿದ್ದರೆ, ಅನುಮಾನ ಸೋರುವ ಹೋಸಿನ ಮೇಲೆ. ಕೆಲವು ನೂರು ರೂಪಾಯಿಯ ರಬ್ಬರ್ ಪೈಪಿನ ದೋಷಕ್ಕೆ ಕೆಲವು ಸಾವಿರದ ಸೆನ್ಸರ್ ಬೆಲೆ ತೆರುವುದು ಈ ಎರಡು ಅಂಕಿಗಳನ್ನು ಓದದಿರುವುದರಿಂದ.

ಟರ್ಬೊ ಗಾಡಿಯಲ್ಲಿ ಸೆನ್ಸರ್ ಟರ್ಬೊ ಆದ ಮೇಲೆಯೇ ಇರಬೇಕು, ಒತ್ತಿದ ಗಾಳಿಯನ್ನು ಅಲ್ಲದೆ ಬೇರೆ ಯಾವುದನ್ನು ಅಳೆಯುವುದು ಎಂದು ವಾದಿಸುವವರೂ ಇದ್ದಾರೆ. ಆದರೆ ಸೋರಿಕೆಯಿಲ್ಲದ ದಾರಿಯಲ್ಲಿ ಫಿಲ್ಟರಿನ ಬಳಿ ಗಂಟೆಗೆ ಹಾಯುವ ಕಿಲೋಗ್ರಾಮುಗಳೇ ಸಿಲಿಂಡರಿನ ಬಳಿಯೂ ಹಾಯುತ್ತವೆ. ತೂಬಿನ ಬಳಿ ಅಳೆದ ನೀರೇ ಒಡೆಯದ ಕಾಲುವೆಯ ತುದಿಗೂ ತಲುಪುವಂತೆ. ಟರ್ಬೊಗೆ ಮುಂಚೆ ಇಟ್ಟ ಸೆನ್ಸರಿಗೆ ತಣ್ಣನೆಯ, ಎಣ್ಣೆಯ ಆವಿ ಬೆರೆಯದ ಗಾಳಿ ಸಿಗುತ್ತದೆ. ಅದಕ್ಕಾಗಿಯೇ ಬಹುಪಾಲು ತಯಾರಕರು ಅದನ್ನು ಅಲ್ಲಿಡುತ್ತಾರೆ.

ಪ್ಲಗ್ ಕೂತರೆ ಸಾಕೆಂಬ ಮಾತಿಗೆ ಉತ್ತರ ಈಗಾಗಲೇ ಹೇಳಿದ ಕೋಷ್ಟಕದಲ್ಲಿದೆ. ಒಂದೇ ಆಕಾರದ ಚಿಪ್ಪು, ಒಂದೇ ಪ್ಲಗ್ಗಿನ ಎರಡು ಸೆನ್ಸರುಗಳ ವೋಲ್ಟೇಜ್ ರೇಖೆ ಬೇರೆಯಾಗಿರಬಹುದು; ಒಂದು ವೋಲ್ಟಿನಲ್ಲಿ ಮಾತಾಡಿದರೆ ಇನ್ನೊಂದು ಕಂಪನದ ಎಣಿಕೆಯಲ್ಲಿ ಮಾತಾಡಬಹುದು. ಗುರುತು ಹಿಡಿಯಬೇಕಾದುದು ಮೈಮೇಲಿನ ಸಂಖ್ಯೆಯಿಂದ. ಬಾಷ್ ಸೆನ್ಸರಾದರೆ ಹತ್ತು ಅಂಕೆಗಳು, ಹತ್ತೂ ಹೊಂದಬೇಕು, ಕೊನೆಯ ಮೂರು ಬೇರೆಯಿದ್ದರೂ ಪರವಾಗಿಲ್ಲ ಎಂಬ ಅಂಗಡಿಯ ಭರವಸೆಗೆ ಬೆಲೆಯಿಲ್ಲ. ಡೂಪ್ಲಿಕೇಟ್ ಸಾಮಾನು ಐಡ್ಲಿಂಗ್‌ನಲ್ಲಿ ಸರಿಯಾಗಿಯೇ ತೋರಿಸಿ, ಲೋಡ್ ಬಿದ್ದಾಗ ದಾರಿ ತಪ್ಪಬಹುದು. ಗ್ಯಾರೇಜಿನ ಮುಂದೆ ನಿಲ್ಲಿಸಿ ನೋಡಿದರೆ ಅದು ಸಿಕ್ಕಿಬೀಳುವುದಿಲ್ಲ, ಕೊರಟಗೆರೆಯಿಂದ ಮಧುಗಿರಿಯ ಕಡೆಗೆ ಆರು ಜನರನ್ನು ಕೂರಿಸಿ ಹೊರಟಾಗ ಸಿಕ್ಕಿಬೀಳುತ್ತದೆ.

ದೊಡ್ಡ ಸೆನ್ಸರ್ ಎಂದೂ ಬೇಡವೆಂದು ಇದರ ಅರ್ಥವಲ್ಲ. ಟರ್ಬೊ, ಇಂಜೆಕ್ಟರ್ ಬದಲಿಸಿ ಎಂಜಿನ್ನಿನ ಶಕ್ತಿಯನ್ನು ನಿಜವಾಗಿ ಹೆಚ್ಚಿಸಿದಾಗ, ಸೆನ್ಸರಿನ ವೋಲ್ಟೇಜ್ ತನ್ನ ನೆತ್ತಿ ಮುಟ್ಟಿ ನಿಂತುಬಿಡುತ್ತದೆ. ಅದಕ್ಕಿಂತ ಮೇಲೆ ಬರುವ ಗಾಳಿ ಇಸಿಯುವಿಗೆ ಕಾಣುವುದೇ ಇಲ್ಲ. ಆಗ ದೊಡ್ಡದು ಬೇಕು, ಆದರೆ ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹೇಳಬೇಕು. ಮೇಲೆ ಹೇಳಿದ 1248 ಸಿಸಿಯ ಎಂಜಿನ್ ನಿಮಿಷಕ್ಕೆ 4000 ಸುತ್ತಿನಲ್ಲಿ, ಹೊರಗಾಳಿಯ ಎರಡರಷ್ಟು ಒತ್ತಡದಲ್ಲಿ ಹೀರುವ ಗಾಳಿ ಗಂಟೆಗೆ ಹೆಚ್ಚುಕಡಿಮೆ 265 ಕಿಲೋಗ್ರಾಂ. 120 ಅಶ್ವಶಕ್ತಿಯ ಪೆಟ್ರೋಲ್ ಟರ್ಬೊ ಎಂಜಿನ್ನಿಗೆ, ಸೆಕೆಂಡಿಗೆ ಒಂದು ಗ್ರಾಂ ಗಾಳಿಗೆ ಸುಮಾರು 1.3 ಅಶ್ವಶಕ್ತಿ ಎಂಬ ರೂಢಿಯ ಲೆಕ್ಕದಂತೆ, 330 ಕಿಲೋಗ್ರಾಂ. ಅದರ ಮೇಲೆ ಐದನೆಯ ಒಂದು ಪಾಲು ಕೂಡಿಸಿದರೆ 320 ಮತ್ತು 400. ಬಾಷ್‌ನ ಎಚ್‌ಎಫ್‌ಎಂ5 ಸರಣಿಯಲ್ಲಿ ಗಂಟೆಗೆ 370, 480, 640, 850, 1000 ಕಿಲೋಗ್ರಾಮಿನ ವರ್ಗಗಳಿವೆ. ಮೊದಲಿನದಕ್ಕೆ 370, ಎರಡನೆಯದಕ್ಕೆ 480 ಧಾರಾಳವಾಯಿತು. ಈ ಎಂಜಿನ್ನುಗಳಿಗೆ 850ರ ಕೊಳವೆ ಹುಡುಕುವವರು ಇನ್ನೊಂದು ತುದಿಯನ್ನು ಮರೆಯುತ್ತಾರೆ: 1.2 ಲೀಟರಿನ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಹೀರುವುದು ಗಂಟೆಗೆ ಏಳೆಂಟು ಕಿಲೋಗ್ರಾಂ ಮಾತ್ರ, ದೊಡ್ಡ ವರ್ಗದ ಸೆನ್ಸರುಗಳು ಭರವಸೆಯಿಂದ ಅಳೆಯುವ ಕನಿಷ್ಠ ಪ್ರಮಾಣವೇ ಹತ್ತನ್ನು ಮೀರಿರುತ್ತದೆ. ಸಿಗ್ನಲಿನಲ್ಲಿ ನಿಂತಾಗ ನಡುಗುವ, ಆರಿಹೋಗುವ ಗಾಡಿ ಅದರ ಫಲ. ಸರಿಯಾದ ವರ್ಗ ಆರಿಸಿದ ಮೇಲೂ ಆ ಸೆನ್ಸರಿನ ಕೋಷ್ಟಕವನ್ನು ಇಸಿಯುವಿಗೆ ಬರೆಯಿಸಬೇಕು, ಹೊಸ ಕೊಳವೆಯ ಮುಂದೆ ತಿರುವಿಲ್ಲದ ನೇರ ದಾರಿ ಇರಿಸಬೇಕು, ಬಾಯಿಯ ಜಾಲರಿಯನ್ನು ಕೀಳಬಾರದು. ಇವಿಷ್ಟೂ ಆಗದಿದ್ದರೆ ಹಳೆಯದೇ ಮೇಲು. ನೋಂದಣಿಯ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಈ ಖಂಡನೆ ಸಣ್ಣ ಊರಿನ ಮೆಕ್ಯಾನಿಕ್ಕುಗಳ ಮೇಲಲ್ಲ. ಶಬ್ದ ಕೇಳಿ ಬೇರಿಂಗ್ ಯಾವುದೆಂದು ಹೇಳುವ ಅವರ ಕಿವಿ ಯಾವ ಸ್ಕ್ಯಾನರಿಗೂ ಕಡಿಮೆಯಲ್ಲ. ವೋಲ್ಟೇಜ್ ಕೋಷ್ಟಕಗಳನ್ನು ಗುಟ್ಟಾಗಿಟ್ಟು ಬಿಡಿಭಾಗವನ್ನು ಮಾತ್ರ ಮಾರುವ ತಯಾರಕರ ನೀತಿಯೇ ಅವರನ್ನು ಊಹೆಗೆ ತಳ್ಳಿದೆ, ಮತ್ತು ಈ ವಿಷಯದಲ್ಲಿ ದೊಡ್ಡ ಹೊಣೆ ಆ ತಯಾರಕರದೇ. ಆದರೆ ಅವರು ಕೊಡುವವರೆಗೆ ಕಾಯಬೇಕಾಗಿಲ್ಲ. ನಾಲ್ಕು ಪಟ್ಟಣಗಳ ಮೆಕ್ಯಾನಿಕ್ಕುಗಳು, ದೋಷವಿಲ್ಲದ ಟರ್ಬೊ ಗಾಡಿ ಸರ್ವಿಸಿಗೆ ಬಂದ ದಿನ, ಎಂಜಿನ್ ಬಿಸಿಯಾದ ಮೇಲೆ, ಇಜಿಆರ್ ಮುಚ್ಚಿದ ಸ್ಥಿತಿಯಲ್ಲಿ ಐಡ್ಲಿಂಗ್‌ನ ಗಾಳಿ ಅಳತೆ, ಹೊರಗಾಳಿಯ ಒತ್ತಡ, ಉಷ್ಣತೆ, ಸೆನ್ಸರಿನ ಮೈಮೇಲಿನ ಪೂರ್ಣ ಸಂಖ್ಯೆ, ಈ ನಾಲ್ಕನ್ನು ಗಾಡಿಯ ಮಾದರಿಯ ಹೆಸರಿನ ಮುಂದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಒಂದು ವರ್ಷದ ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಹೀಗೆ ಬರೆದರೆ ಮಧುಗಿರಿಯ ಗಾಳಿಗೆ, ಪಾವಗಡದ ಬಿಸಿಲಿಗೆ ಹೊಂದುವ ಅಂಕಿಗಳು ಅವರ ಕೈಯಲ್ಲೇ ಇರುತ್ತವೆ. ಗಾಡಿಯ ಮಾಲೀಕರು ಹೊಸ ಸೆನ್ಸರಿಗೆ ಹಣ ಕೊಡುವ ಮುನ್ನ ಆ ನೋಟ್‌ಬುಕ್ಕನ್ನು ತೋರಿಸುವಂತೆ ಕೇಳಬೇಕು, ಫಿಲ್ಟರ್ ಡಬ್ಬಿಯನ್ನು ತಮ್ಮೆದುರಿಗೇ ಬಿಚ್ಚಿಸಬೇಕು.